ಹಳೆಯ ಯಂತ್ರದ ಕಣ್ಣು

ಹೋದ ತಿಂಗಳಿನ ಸಂಚಿಕೆ ಹೊರಬಿದ್ದ ನಾಲ್ಕೈದು ದಿನಗಳಲ್ಲಿಯೇ ಈ ಪತ್ರಿಕೆಯ ವಾಚಕರಲ್ಲೊಬ್ಬರಾದ ಗೃಹಿಣಿಯವರಿಂದ ನನಗೊಂದು ಕಾಗದ ಬಂದಿತು. ಅವರ ಯಜಮಾನರು ಒಂದು ಸಣ್ಣ ಪಟ್ಟಣದಲ್ಲಿ ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ಫೋಟೋ ಸ್ಟುಡಿಯೋ ನಡೆಸಿ, ಎರಡು ವರ್ಷಗಳ ಕೆಳಗೆ ತೀರಿಕೊಂಡರಂತೆ. ಅಂಗಡಿ ಮುಚ್ಚಿತು, ಸಾಮಾನುಗಳೆಲ್ಲ ಮನೆಯ ಅಟ್ಟವನ್ನು ಸೇರಿದುವು. ಅವುಗಳಲ್ಲಿ ಫಿಲ್ಮು ಸ್ಕ್ಯಾನರೆಂಬ ಯಂತ್ರವೊಂದುಂಟು. ಕಾಲೇಜಿನಲ್ಲಿ ಓದುವ ಮಗನು ಆ ಯಂತ್ರವನ್ನು ಬಿಚ್ಚಿ, ಒಳಗಿನ ಮಸೂರವನ್ನು ತೆಗೆದು ತನ್ನ ಕ್ಯಾಮೆರಕ್ಕೆ ಜೋಡಿಸಿ, ಕೀಟಗಳ ಚಿತ್ರ ತೆಗೆಯಬೇಕೆಂದು ಹಟ ಹಿಡಿದಿದ್ದಾನೆ. ಯಂತ್ರದ ದೀಪ ಹತ್ತುತ್ತದೆ, ಆದರೆ ಹೊಸ ಕಂಪ್ಯೂಟರಿಗೆ ಸೇರಿಸಿದರೆ ಮಾತೇ ಆಡುವುದಿಲ್ಲ, ಆದಕಾರಣ ಅದು ಸತ್ತಂತೆಯೇ ಎಂಬುದು ಮಗನ ವಾದ. ಅಪ್ಪ ಮುಟ್ಟಿ ಕೆಲಸಮಾಡಿದ ವಸ್ತು, ಹಾಗೆಯೇ ಇರಲಿ ಎಂಬುದು ತಾಯಿಯ ಮಾತು. ಸ್ಟುಡಿಯೋದ ಹಳೆಯ ನೆಗೆಟಿವುಗಳು ಎರಡು ಟ್ರಂಕುಗಳ ತುಂಬ ಅದೇ ಅಟ್ಟದಲ್ಲಿವೆಯೆಂದು ಕಾಗದದ ಅಂಚಿನಲ್ಲಿ ಒಂದು ಸಾಲು. "ನೀವು ಹಿರಿಯರು, ಯಾರ ಮಾತು ನ್ಯಾಯವೆಂದು ತಿಳಿಸಬೇಕು" ಎಂದು ಆಕೆ ಬರೆದಿದ್ದಾರೆ.

ಪಂಚಾಯತಿ ಹೇಳತಕ್ಕವನು ತಾನೇ ಆ ಅಪರಾಧವನ್ನು ಮಾಡಿ ಕೈಸುಟ್ಟುಕೊಂಡವನೆಂಬುದು ಪಾಪ, ಆ ತಾಯಿಗೆ ತಿಳಿಯದು. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ಮಗನ ಪಕ್ಷದಲ್ಲಿ ಎಷ್ಟು ಸತ್ಯವಿದೆಯೆಂಬುದನ್ನು ವಿಚಾರಿಸೋಣ. ಏಕೆಂದರೆ ಅವನ ಹಟ ಹುಡುಗಾಟದ್ದಲ್ಲ.

ಫಿಲ್ಮು ಸ್ಕ್ಯಾನರನ್ನು ಕಂಡಿಲ್ಲದವರಿಗಾಗಿ ಅದರ ಸ್ವರೂಪವನ್ನು ಹೇಳಬೇಕು. ಹಿಂದೆ ಕ್ಯಾಮೆರಗಳಲ್ಲಿ ತುಂಬುತ್ತಿದ್ದ ಸಾಧಾರಣ ಫಿಲ್ಮಿನ ಒಂದೊಂದು ಚಿತ್ರವೂ ೩೬ ಮಿಲಿಮೀಟರು ಉದ್ದ, ೨೪ ಮಿಲಿಮೀಟರು ಅಗಲ. ಈ ಫಿಲ್ಮನ್ನು ಚೌಕಟ್ಟಿನಲ್ಲಿ ಸಿಕ್ಕಿಸಿ ಯಂತ್ರಕ್ಕೆ ಕೊಟ್ಟರೆ, ಮೋಟಾರು ಅದನ್ನು ಇಷ್ಟಿಷ್ಟೇ ಸರಿಸುತ್ತ ಹೋಗುತ್ತದೆ. ಫಿಲ್ಮಿನ ಹಿಂದೆ ದೀಪ, ಮುಂದೆ ಮಸೂರ, ಮಸೂರದಾಚೆ, ಬೆಳಕನ್ನು ಗ್ರಹಿಸುವ ಸಾವಿರಾರು ಬಿಂದುಗಳನ್ನು ಸಾಲಾಗಿ ಪೋಣಿಸಿದ ಒಂದು ಪಟ್ಟಿ. ಒಕ್ಕಲಿಗನು ಹೊಲವನ್ನು ಸಾಲುಸಾಲಾಗಿ ಉತ್ತು ಮುಗಿಸುವಂತೆ ಯಂತ್ರವು ಚಿತ್ರವನ್ನು ಗೆರೆಗೆರೆಯಾಗಿ ಓದಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಫಿಲ್ಮಿನ ಕಾಲ ಮುಗಿದು ಗಣಕದ ಕಾಲ ಮೊದಲಾಗುವ ಸಂಧಿಯಲ್ಲಿ ಸ್ಟುಡಿಯೋದವರಿಗೆ ಇದು ಅವಶ್ಯವಾದ ಉಪಕರಣವಾಗಿತ್ತು. ೨೦೦೩ರಲ್ಲಿ ಜಪಾನಿನ ಮಿನೋಲ್ಟಾದವರು ಹೊರತಂದ ಡೈಮೇಜ್ ಸ್ಕ್ಯಾನ್ ಎಲೀಟ್ ೫೪೦೦ ಎಂಬುದು ಈ ಜಾತಿಯಲ್ಲಿ ಬಹು ಪ್ರಸಿದ್ಧವಾದುದು. ಹೆಸರಿನಲ್ಲಿರುವ ಸಂಖ್ಯೆಯೇ ಅದರ ಬಿರುದು: ಒಂದು ಅಂಗುಲದಲ್ಲಿ ೫೪೦೦ ಬಿಂದುಗಳನ್ನು ಓದಬಲ್ಲುದು. ಎಂದರೆ ಒಂದು ಮಿಲಿಮೀಟರಿಗೆ ೨೧೨ ಬಿಂದು. ಮನುಷ್ಯನ ತಲೆಗೂದಲೊಂದರ ದಪ್ಪದಲ್ಲಿ ಸುಮಾರು ಹದಿನೈದು. ಮಿನೋಲ್ಟಾ ಸಂಸ್ಥೆ ಅದೇ ವರ್ಷ ಕೋನಿಕಾದೊಡನೆ ಕೂಡಿಕೊಂಡು, ೨೦೦೬ರಲ್ಲಿ ಕ್ಯಾಮೆರಗಳ ವ್ಯಾಪಾರವನ್ನೇ ಕೈಬಿಟ್ಟಿತು. ಅಂಗುಲಕ್ಕೆ ೪೦೦೦ ಬಿಂದು ಓದುತ್ತಿದ್ದ ನಿಕಾನಿನವರ ಕೂಲ್‌ಸ್ಕ್ಯಾನುಗಳೂ ಆಮೇಲೆ ನಿಂತುಹೋದುವು. ಹೀಗೆ ಅಪಾರ ಪರಿಶ್ರಮದಿಂದ ಉಜ್ಜಿ ನಯಮಾಡಿದ ಮಸೂರಗಳು ಹೊಟ್ಟೆಯೊಳಗೆ ಅಡಗಿಕೊಂಡೇ ಅಟ್ಟಗಳನ್ನೂ ಗುಜರಿಯಂಗಡಿಗಳನ್ನೂ ಸೇರಿದುವು.

ನಡುವೆ ಒಂದು ಮಾತು, ಹಳೆಯ ಮೇಷ್ಟರ ಚಾಳಿ. ಮಸೂರವೆಂದರೆ ಸಂಸ್ಕೃತದಲ್ಲಿ ಚನ್ನಂಗಿ ಬೇಳೆ. ಲ್ಯಾಟಿನ್ ಭಾಷೆಯಲ್ಲಿ ಲೆನ್ಸ್ ಎಂದರೂ ಅದೇ ಬೇಳೆಯೇ. ಎರಡು ಕಡೆಯೂ ಉಬ್ಬಿದ ಗಾಜಿನ ಬಿಲ್ಲೆಯನ್ನು ಕಂಡು ಅಲ್ಲಿಯವರಿಗೆ ಅಡಿಗೆಮನೆಯ ನೆನಪಾಯಿತು. ನಮ್ಮ ಪರಿಭಾಷೆಯನ್ನು ಕಟ್ಟಿದವರು ಆ ಬೇಳೆಯನ್ನೇ ಸಂಸ್ಕೃತದಿಂದ ತಂದಿಟ್ಟರು. ಒಂದು ಸ್ಕ್ಯಾನರಿನ ಮಸೂರದಲ್ಲಿ ಇಂಥ ಬಿಲ್ಲೆಗಳು ಹಲವು, ಒಂದರ ಹಿಂದೊಂದು, ಹೆಬ್ಬೆರಳಿನಷ್ಟು ಗಾತ್ರದ ಕೊಳವೆಯಲ್ಲಿ ಕುಳಿತಿರುತ್ತವೆ.

ಇಷ್ಟಕ್ಕೂ ಈ ಮಸೂರದಲ್ಲಿ ಅಂಥ ವಿಶೇಷವೇನು? ಸಾಮಾನ್ಯವಾದ ಕ್ಯಾಮೆರದ ಮಸೂರವು ಸಂಸಾರಿಯಿದ್ದಂತೆ. ಬೆಟ್ಟವನ್ನೂ ನೋಡಬೇಕು, ಎದುರಿಗೆ ಕುಳಿತ ಮಗುವನ್ನೂ ನೋಡಬೇಕು, ಎಲ್ಲರಿಗೂ ಸ್ವಲ್ಪ ಸ್ವಲ್ಪ ಒಗ್ಗಿಕೊಳ್ಳಬೇಕು. ಸ್ಕ್ಯಾನರಿನ ಮಸೂರವೋ ಏಕಾಂತದಲ್ಲಿ ಒಂದೇ ಮಂತ್ರವನ್ನು ಜಪಿಸುವ ತಪಸ್ವಿ. ಅದರ ಜನ್ಮವೆಲ್ಲ ಒಂದೇ ದೂರದಲ್ಲಿರುವ, ಸಮತಟ್ಟಾದ, ಪುಟ್ಟದೊಂದು ಹಾಳೆಯನ್ನು ನೋಡುವುದರಲ್ಲಿಯೇ ಕಳೆಯತಕ್ಕದ್ದು. ಆದ್ದರಿಂದ ಅದನ್ನು ಗಣಿಸಿದವನು ತನ್ನ ವಿದ್ಯೆಯನ್ನೆಲ್ಲ ಆ ಒಂದೇ ದೂರಕ್ಕೆ ಧಾರೆಯೆರೆಯಬಹುದು. ಫಿಲ್ಮು ಚಪ್ಪಟೆಯಾದುದರಿಂದ ನಡುವಿನಲ್ಲಿ ಎಷ್ಟು ಸ್ಪಷ್ಟವೋ ಅಂಚಿನಲ್ಲಿಯೂ ಅಷ್ಟೇ ಸ್ಪಷ್ಟವಾಗಿರಬೇಕು. ಕೆಂಪು, ಹಸುರು, ನೀಲಿ, ಈ ಮೂರು ಬಣ್ಣದ ಬೆಳಕುಗಳನ್ನೂ ಒಂದೇ ಬಿಂದುವಿಗೆ ತರದಿದ್ದರೆ ಯಂತ್ರ ಓದಿದ ಚಿತ್ರದಲ್ಲಿ ಪ್ರತಿಯೊಂದು ವಸ್ತುವಿಗೂ ಬಣ್ಣದ ಅಂಚುಕಟ್ಟಿದಂತಾಗುತ್ತದೆ. ಆದಕಾರಣ ಆ ದೋಷವನ್ನೂ ಮುತುವರ್ಜಿಯಿಂದ ಕಳೆದಿರುತ್ತಾರೆ. ಬೆಲೆಬಾಳುವ ಮಾದರಿಗಳಲ್ಲಿ ಇದಕ್ಕಾಗಿ ಬಣ್ಣಗಳನ್ನು ಕಡಿಮೆ ಚದುರಿಸುವ ವಿಶೇಷವಾದ ಗಾಜನ್ನೇ ಬಳಸಿದರು.

ಈ ಮೂರು ಗುಣಗಳೂ ಅತಿ ಸಮೀಪದ ಛಾಯಾಗ್ರಹಣಕ್ಕೆ ಬೇಕಾದುವೇ. ಇರುವೆಯ ಮೋರೆಯಾಗಲಿ, ಪತಂಗದ ರೆಕ್ಕೆಯಾಗಲಿ, ಬೆಟ್ಟದಂತೆ ದೂರದಲ್ಲಿರುವುದಿಲ್ಲವಷ್ಟೆ. ಫಿಲ್ಮಿನಷ್ಟೇ ಅಳತೆಯ ಗ್ರಾಹಕವುಳ್ಳ ಕ್ಯಾಮೆರದಲ್ಲಿ ವಸ್ತುವನ್ನು ಅದರ ಎರಡರಷ್ಟು ದೊಡ್ಡದಾಗಿ ಹಿಡಿಯುತ್ತೇವೆಂದುಕೊಳ್ಳಿ. ಆಗ ಮಸೂರಕ್ಕೆ ಕಾಣತಕ್ಕ ಭಾಗ ೧೮ ಮಿಲಿಮೀಟರು ಉದ್ದ, ೧೨ ಮಿಲಿಮೀಟರು ಅಗಲ. ಅದರ ಕರ್ಣ ೨೧.೬ ಮಿಲಿಮೀಟರು. ಯಂತ್ರದೊಳಗಿದ್ದಾಗ ಫಿಲ್ಮಿನ ೨೪ ಮಿಲಿಮೀಟರು ಅಗಲವನ್ನು ಅಂಚಿನಿಂದ ಅಂಚಿಗೆ ಕರಾರುವಾಕ್ಕಾಗಿ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ತನ್ನ ಹಳೆಯ ಮನೆಗಿಂತ ಸ್ವಲ್ಪ ಕಿರಿದಾದ ಮನೆ. ಈ ಲೆಕ್ಕವನ್ನು ಮಾಡಿ ನೋಡಿದವರಾರೋ ಮೊದಲು ಒಂದು ಸ್ಕ್ಯಾನರನ್ನು ಒಡೆದಿರಬೇಕು. ಮಿನೋಲ್ಟಾದ ೫೪೦೦ರ ಮಸೂರವು ಎರಡರಷ್ಟು ಹಿಗ್ಗಿಸುವ ಕೆಲಸದಲ್ಲಿ ಬಹಳ ಹೆಚ್ಚಿನ ಬೆಲೆಯ ಮಸೂರಗಳಿಗೆ ಸಮನಾಗಿ ನಿಲ್ಲುತ್ತದೆಯೆಂಬ ಸುದ್ದಿ ಹಬ್ಬಿದ ಮೇಲೆ, ಕೆಟ್ಟ ಸ್ಕ್ಯಾನರುಗಳಿಗೂ ಗಿರಾಕಿಗಳು ಹುಟ್ಟಿಕೊಂಡರು. ಕೆಟ್ಟವಕ್ಕೆ ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ.

ಈಗ ನನ್ನ ಅಪರಾಧದ ಕಥೆ. ಕೆಲವು ವರ್ಷಗಳ ಕೆಳಗೆ ಪರಿಚಿತರೊಬ್ಬರು ತಮ್ಮ ಕಚೇರಿಯಿಂದ ಹೊರಹಾಕಿದ ಸ್ಕ್ಯಾನರೊಂದನ್ನು ನನಗೆ ತಂದುಕೊಟ್ಟರು. ವಿದ್ಯುತ್ತು ಕೊಟ್ಟೊಡನೆ ಅದು ಕಟಕಟನೆ ಹಲ್ಲು ಕಡಿದು ನಿಂತುಬಿಡುತ್ತಿತ್ತು. ಎರಡು ಸಲ ಹಾಗಾಯಿತು. ಮೂರನೆಯ ಸಲ ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಮಸೂರದ ಮೇಲಿನ ಆಸೆ ಆಗಲೇ ತಲೆಗೇರಿತ್ತು. ತಿರುಪುಳಿ ಹಿಡಿದು ಕುಳಿತು ಒಂದೇ ಮಧ್ಯಾಹ್ನದಲ್ಲಿ ಮಸೂರವನ್ನು ಹೊರತೆಗೆದೆ; ಉಳಿದ ಅಸ್ಥಿಪಂಜರವನ್ನು ಗುಜರಿಯವನ ತಕ್ಕಡಿಗೆ ಹಾಕಿದೆ. ಎರಡು ತಿಂಗಳಾಗಿರಬೇಕು, ಊರಿನಿಂದ ಅತ್ತಿಗೆಯವರು ಒಂದು ತಗಡಿನ ಡಬ್ಬಿಯನ್ನು ಹಿಡಿದುಕೊಂಡು ಬಂದರು. ತೀರಿಹೋದ ನಮ್ಮಣ್ಣನಿಗೆ ಫೋಟೋ ತೆಗೆಯುವ ಹವ್ಯಾಸವಿತ್ತು. ಡಬ್ಬಿಯ ತುಂಬ ಅವನ ನೆಗೆಟಿವುಗಳು. "ನಿನ್ನ ಹತ್ತಿರ ಅದೇನೋ ಯಂತ್ರ ಉಂಟಂತಲ್ಲ, ಇವನ್ನೊಮ್ಮೆ ಹಾಕಿ ನೋಡಿಕೊಡು. ಮಕ್ಕಳು ಕೇಳುತ್ತಿದ್ದಾರೆ" ಎಂದರು. ನಾನು ಏನು ಉತ್ತರ ಹೇಳಿದೆನೋ ನೆನಪಿಲ್ಲ. ಕಾಫಿ ತರುವ ನೆಪದಿಂದ ಒಳಕ್ಕೆ ಹೋದದ್ದು ಮಾತ್ರ ನೆನಪಿದೆ. ಮುಂದೆ ಇಂಥ ಯಂತ್ರಗಳನ್ನು ರಿಪೇರಿ ಮಾಡಿ ಬಲ್ಲವರೊಬ್ಬರು ಸಿಕ್ಕಾಗ ಆ ಕಟಕಟ ಶಬ್ದವನ್ನು ವರ್ಣಿಸಿದೆ. ಅವರು ನಕ್ಕು, "ಒಳಗಿನ ಸರಳುಗಳಿಗೆ ಹಚ್ಚಿದ ಗ್ರೀಸು ಗಟ್ಟಿಯಾಗಿರುತ್ತದೆ ಮೇಷ್ಟ್ರೇ, ಒರಸಿ ಹೊಸದು ಹಚ್ಚಿದರೆ ಎಷ್ಟೋ ಸಲ ಓಡುತ್ತದೆ" ಎಂದರು. ನನ್ನ ಯಂತ್ರವೂ ಓಡುತ್ತಿತ್ತೋ ಇಲ್ಲವೋ, ಅದನ್ನು ಇನ್ನು ತಿಳಿಯುವಂತಿಲ್ಲ.

ಆದುದರಿಂದ ಯಂತ್ರ ಸತ್ತಿದೆಯೆಂದು ತೀರ್ಪು ಕೊಡುವ ಮೊದಲು ನಾಡಿಯನ್ನು ಸರಿಯಾಗಿ ಹಿಡಿದು ನೋಡಬೇಕು. ದೀಪ ಹತ್ತುತ್ತದೆಯೆ? ಮೋಟಾರು ಮಿಸುಕುತ್ತದೆಯೆ? ಇವೆರಡೂ ಉಂಟಾದರೆ ಅದು ಸತ್ತಿಲ್ಲ, ಮೂಕವಾಗಿದೆ ಅಷ್ಟೆ. ಹಳೆಯ ಸ್ಕ್ಯಾನರುಗಳನ್ನು ಮಾಡಿದವರು ಅವುಗಳೊಡನೆ ಕೊಟ್ಟ ತಂತ್ರಾಂಶವು ಆ ಕಾಲದ ಕಂಪ್ಯೂಟರುಗಳಿಗೆ ಬರೆದದ್ದು. ಹೊಸ ಕಂಪ್ಯೂಟರಿಗೆ ಆ ಭಾಷೆ ತಿಳಿಯದು. ಕೆಲವು ಯಂತ್ರಗಳಿಗೆ ಫೈರ್‌ವೈರ್ ಎಂಬ ತಂತಿ ಬೇಕು. ಅದಕ್ಕೆ ತಕ್ಕ ಬಾಯಿ ಹೊಸ ಕಂಪ್ಯೂಟರುಗಳಲ್ಲಿ ಇರುವುದೇ ಇಲ್ಲ. ಇದಕ್ಕೆ ಮದ್ದು ಎರಡು. ಯಾರ ಮನೆಯಲ್ಲಾದರೂ ಮೂಲೆಗೆ ಬಿದ್ದಿರುವ ಹಳೆಯ ಕಂಪ್ಯೂಟರೊಂದನ್ನು ಈ ಕೆಲಸಕ್ಕೆಂದೇ ಎತ್ತಿ ಕೂರಿಸುವುದು ಒಂದು. ವ್ಯೂಸ್ಕ್ಯಾನ್ ಎಂಬ ತಂತ್ರಾಂಶವನ್ನು ಕೊಂಡು ಹಾಕುವುದು ಇನ್ನೊಂದು; ಮಾಡಿದವರೇ ಕೈಬಿಟ್ಟ ಅನೇಕ ಹಳೆಯ ಸ್ಕ್ಯಾನರುಗಳ ಭಾಷೆಯನ್ನು ಅದು ಬಲ್ಲುದು. ಕಾಗದದಲ್ಲಿ ಕಂಡ ಲಕ್ಷಣಗಳಿಂದ ಹೇಳುವುದಾದರೆ ಆ ತಾಯಿಯ ಅಟ್ಟದ ಮೇಲಿರುವುದು ಇಂಥ ಮೂಕಯಂತ್ರವೇ ಎಂದು ನನಗೆ ತೋರುತ್ತದೆ.

ಜೀವವಿರುವ ಯಂತ್ರಕ್ಕೆ ಇರುವ ಒಂದು ಶಕ್ತಿ ಅದರಿಂದ ಕಿತ್ತ ಮಸೂರಕ್ಕೆ ಎಂದಿಗೂ ಬಾರದು. ಉತ್ತಮವಾದ ಸ್ಕ್ಯಾನರುಗಳು ಮೂರು ಬಣ್ಣಗಳನ್ನಲ್ಲದೆ ಕಣ್ಣಿಗೆ ಕಾಣದ ಅವಕೆಂಪು ಕಿರಣದಿಂದಲೂ ಫಿಲ್ಮನ್ನು ಒಮ್ಮೆ ಓದುತ್ತವೆ. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಆ ಕಿರಣವನ್ನು ತಡೆಯುವುದಿಲ್ಲ. ಧೂಳೂ ಗೀರುಗಳೂ ತಡೆಯುತ್ತವೆ. ಹೀಗಾಗಿ ಕೊಳೆ ಎಲ್ಲೆಲ್ಲಿದೆಯೆಂಬ ನಕ್ಷೆ ಯಂತ್ರಕ್ಕೆ ದೊರೆತು, ಅಷ್ಟನ್ನೇ ಚಿತ್ರದಿಂದ ಅಳಿಸುವುದು ಸಾಧ್ಯವಾಗುತ್ತದೆ. ಕಪ್ಪುಬಿಳುಪಿನ ಹಳೆಯ ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣಗಳಿಂದಾದುದು. ಬೆಳ್ಳಿ ಅವಕೆಂಪನ್ನೂ ತಡೆಯುವುದರಿಂದ ಅಲ್ಲಿ ಈ ಉಪಾಯ ನಡೆಯದು. ಆದರೆ ಎರಡು ಟ್ರಂಕು ಬಣ್ಣದ ನೆಗೆಟಿವುಗಳಿದ್ದರೆ ಎಷ್ಟು ತಿಂಗಳ ಕೈಗೆಲಸ ಉಳಿಯಿತೆಂಬುದನ್ನು ಯೋಚಿಸಿ. ನೆಗೆಟಿವುಗಳು ನಮಗಾಗಿ ಕಾದು ಕುಳಿತಿರುವುದೂ ಇಲ್ಲ. ಅವುಗಳ ಹಾಳೆ ಸಾಧಾರಣವಾಗಿ ಅಸಿಟೇಟೆಂಬ ದ್ರವ್ಯದಿಂದಾದುದು. ಸೆಕೆಯಲ್ಲಿಯೂ ತೇವದಲ್ಲಿಯೂ ವರ್ಷಗಟ್ಟಲೆ ಇದ್ದರೆ ಅದು ಒಳಗೊಳಗೇ ಕೊಳೆತು ವಿನಿಗರಿನಂಥ ಹುಳಿನಾತವನ್ನು ಬಿಡುತ್ತದೆ. ಆಮೇಲೆ ಸುಕ್ಕಾಗಿ ಮುರುಟಿಕೊಳ್ಳುತ್ತದೆ. ಒಂದರಿಂದ ಹೊರಟ ಆವಿ ಜೊತೆಯಲ್ಲಿರುವುದನ್ನೂ ಕೆಡಿಸುತ್ತದೆ. ಟ್ರಂಕಿನ ಮುಚ್ಚಳ ತೆಗೆದಾಗ ಮೂಗಿಗೆ ಹುಳಿ ಬಡಿದರೆ, ಆ ಸುರುಳಿಯನ್ನು ಅಂದೇ ಬೇರೆಯಾಗಿಡತಕ್ಕದ್ದು; ಮೊದಲು ಓದಿಸತಕ್ಕದ್ದೂ ಅದನ್ನೇ.

ಯಂತ್ರ ನಿಜವಾಗಿಯೂ ತೀರಿಹೋಗಿದ್ದರೆ ಮಸೂರವನ್ನು ತೆಗೆಯುವುದಕ್ಕೆ ಸಂಕೋಚಪಡಬೇಕಾಗಿಲ್ಲ. ತಂತಿಯನ್ನು ಗೋಡೆಯಿಂದ ಕಿತ್ತು ಒಂದು ದಿನ ಸುಮ್ಮನೆ ಬಿಡಬೇಕು, ಕೊಳವೆದೀಪವುಳ್ಳ ಯಂತ್ರಗಳಲ್ಲಿ ಅದನ್ನು ಹೊತ್ತಿಸುವ ಭಾಗದಲ್ಲಿ ನೂರಾರು ವೋಲ್ಟುಗಳ ಒತ್ತಡವಿರುತ್ತದೆ, ದೀಪದೊಳಗೆ ಸ್ವಲ್ಪ ಪಾದರಸವೂ ಇರುತ್ತದೆ, ಅದನ್ನು ಒಡೆಯಬಾರದು. ಮಸೂರದ ಕೊಳವೆಯನ್ನು ಅಲುಗಿಸುವ ಮುನ್ನ ಯಾವ ಮುಖ ಫಿಲ್ಮಿನ ಕಡೆಗಿತ್ತೆಂಬುದನ್ನು ಅದರ ಮೈಮೇಲೆಯೇ ಗುರುತುಮಾಡಿ, ಫಿಲ್ಮಿಗೂ ಮಸೂರಕ್ಕೂ ಎಷ್ಟು ದೂರ, ಮಸೂರಕ್ಕೂ ಬಿಂದುಪಟ್ಟಿಗೂ ಎಷ್ಟು ದೂರ ಎಂಬುದನ್ನು ಅಳೆದು ಬರೆದುಕೊಳ್ಳಬೇಕು. ನಡುವೆ ಕನ್ನಡಿಯಿದ್ದರೆ ಬೆಳಕು ತಿರುಗಿ ಹೋಗುವ ಹಾದಿಯನ್ನೇ ಅಳೆಯಬೇಕು. ಹತ್ತಿರದ ಕಡೆಗಿದ್ದ ಮುಖ ಇರುವೆಗೆ, ದೂರದ ಕಡೆಗಿದ್ದ ಮುಖ ಕ್ಯಾಮೆರಕ್ಕೆ. ಇದನ್ನು ತಲೆಕೆಳಗು ಮಾಡಿದರೆ ತಪಸ್ವಿಯು ಮಂತ್ರವನ್ನು ಹಿಂದುಮುಂದಾಗಿ ಜಪಿಸಿದಂತೆ. ಚಿತ್ರ ಬರುತ್ತದೆ, ಆದರೆ ಹೆಸರಿಗೆ ತಕ್ಕ ಚಿತ್ರವಲ್ಲ.

ನನ್ನ ಮಸೂರದ ಮೈಮೇಲೆ ಒಂದು ಅಕ್ಷರವೂ ಇರಲಿಲ್ಲ. ಅದರ ಸಂಗಮದೂರವನ್ನು ಕಂಡುಹಿಡಿಯುವುದಕ್ಕೆ ಶಾಲೆಯ ಹುಡುಗರ ಉಪಾಯವೇ ಸಾಕಾಯಿತು. ದೀಪದ ಮುಂದೆ ಪಾರದರ್ಶಕವಾದ ಅಳತೆಪಟ್ಟಿ, ಆಚೆಗೆ ಬಿಳಿಯ ಕಾಗದ, ನಡುವೆ ಮಸೂರ. ಕಾಗದದ ಮೇಲೆ ಮೂಡಿದ ಒಂದು ಸೆಂಟಿಮೀಟರು ನಿಜವಾದ ಸೆಂಟಿಮೀಟರಿಗೆ ಸರಿಯಾಗುವವರೆಗೆ ಎರಡನ್ನೂ ಹಿಂದೆಮುಂದೆ ಸರಿಸಿದೆ. ಆಗ ಪಟ್ಟಿಗೂ ಕಾಗದಕ್ಕೂ ಇದ್ದ ದೂರವು ಸಂಗಮದೂರದ ನಾಲ್ಕರಷ್ಟು. ೧೬ ಸೆಂಟಿಮೀಟರು ಬಂದಿತು. ನಾಲ್ಕರಿಂದ ಭಾಗಿಸಿದರೆ ೪. ಹಲವು ಬಿಲ್ಲೆಗಳ ಮಸೂರವಾದ್ದರಿಂದ ಲೆಕ್ಕ ಕೂದಲೆಳೆಯಷ್ಟು ತಪ್ಪಿರಬಹುದು, ಚಿಂತೆಯಿಲ್ಲ. ಎರಡರಷ್ಟು ಹಿಗ್ಗಿಸಬೇಕಾದರೆ ಮಸೂರವನ್ನು ಕ್ಯಾಮೆರದ ಗ್ರಾಹಕದಿಂದ ಸುಮಾರು ೧೨ ಸೆಂಟಿಮೀಟರು ದೂರದಲ್ಲಿ ಹಿಡಿದಿಡಬೇಕು. ವಸ್ತು ಆಚೆಗೆ ೬ ಸೆಂಟಿಮೀಟರಿನಲ್ಲಿರಬೇಕು. ಹಾಗೆ ಹಿಡಿದಿಡುವುದಕ್ಕೆ ಕಮ್ಮಾರನ ತಿದಿಯಂತೆ ಮಡಿಚಿ ಬಿಚ್ಚುವ ಚರ್ಮದ ಸಾಧನವೊಂದು ಸಿಕ್ಕುತ್ತದೆ. ನಾನು ನೀರಿನ ಪಿವಿಸಿ ಕೊಳವೆಯ ತುಂಡೊಂದನ್ನು ತೆಗೆದುಕೊಂಡು, ಕ್ಯಾಮೆರದ ಬಾಯಿಮುಚ್ಚಳವನ್ನು ಕೊರೆದು ಒಂದು ತುದಿಗೆ ಕೂರಿಸಿದೆ. ಮಸೂರಕ್ಕೆ ಸರಿಯಾದ ಉಂಗುರವನ್ನು ಲೇತಿನ ಕೆಲಸದವರು ಅರ್ಧ ಗಂಟೆಯಲ್ಲಿ ಕಡೆದುಕೊಟ್ಟರು. ಕೊಳವೆಯ ಒಳಮೈಗೆ ಕಪ್ಪು ಮಖಮಲ್ಲನ್ನು ಅಂಟಿಸದಿದ್ದರೆ ಬೆಳಕು ಒಳಗೆಲ್ಲ ಪುಟಿದಾಡಿ ಚಿತ್ರಕ್ಕೆ ಮಂಜು ಕವಿಯುತ್ತದೆ. ಮೊದಲ ವಾರವೆಲ್ಲ ಆ ಮಂಜಿನಲ್ಲಿಯೇ ಹೋಯಿತು.

ಇನ್ನು ತೊಂದರೆಗಳು. ಎರಡರಷ್ಟು ಹಿಗ್ಗಿಸಿದಾಗ ಬೆಳಕು ಒಂಬತ್ತನೆಯ ಒಂದು ಪಾಲಾಗಿ ಕುಗ್ಗುತ್ತದೆ. ಸ್ಪಷ್ಟವಾಗಿ ಕಾಣುವ ಆಳವೋ ನನ್ನ ಮಸೂರದ ಮಟ್ಟಿಗೆ ಒಂದು ಮಿಲಿಮೀಟರಿನ ಹದಿನಾರರಲ್ಲೊಂದು ಭಾಗದಷ್ಟು. ರಾಗಿಯ ಕಾಳಿನ ಮುಂಭಾಗ ಸರಿಯಾದರೆ ಅದರ ಹೆಗಲು ಆಗಲೇ ಮಸುಕು. ಆದ್ದರಿಂದ ತಿರುಪಿನ ಹಳಿಯ ಮೇಲೆ ಕ್ಯಾಮೆರವನ್ನಿಟ್ಟು, ಮಿಲಿಮೀಟರಿನ ಇಪ್ಪತ್ತನೆಯ ಒಂದರಂತೆ ಮುಂದಕ್ಕೆ ಸರಿಸುತ್ತ ಹದಿನೈದು ಇಪ್ಪತ್ತು ಚಿತ್ರಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಪ್ರತಿಯೊಂದರ ಸ್ಪಷ್ಟವಾದ ಭಾಗವನ್ನು ಮಾತ್ರ ಕೂಡಿಸಿ ಒಂದೇ ಚಿತ್ರ ಮಾಡಬೇಕು. ಈ ಮಸೂರಗಳಿಗೆ ಬಾಯಿಯನ್ನು ಕಿರಿದುಮಾಡುವ ಸಾಧನವೇ ಇರುವುದಿಲ್ಲ. ಇದ್ದಿದ್ದರೂ ಇಷ್ಟು ಹತ್ತಿರದಲ್ಲಿ ಬಹಳ ಕಿರಿದುಮಾಡಿದರೆ ಸೂಕ್ಷ್ಮತೆಯೇ ಅಳಿದುಹೋಗುತ್ತಿತ್ತು. ಅಲುಗಾಟವಂತೂ ಪರಮಶತ್ರು. ನಮ್ಮ ಮನೆಯಲ್ಲಿ ಚಟ್ನಿಯ ಮಿಕ್ಸಿ ತಿರುಗುವ ಹೊತ್ತಿನಲ್ಲಿ ತೆಗೆದ ಚಿತ್ರಗಳನ್ನು ನೋಡಿದೊಡನೆ ಗುರುತಿಸಬಲ್ಲೆ.

ಇಷ್ಟೆಲ್ಲ ಪಾಡುಪಟ್ಟು ಕಂಡದ್ದೇನು ಎಂದು ಕೇಳಬಹುದು. ದೀಪದ ಕೆಳಗೆ ಸತ್ತುಬಿದ್ದ ಪತಂಗದ ರೆಕ್ಕೆಯ ಮೇಲೆ, ನಾವು ಪುಡಿಯೆಂದು ಕೈ ಒರಸಿಕೊಳ್ಳುತ್ತೇವಲ್ಲ, ಅದು ಪುಡಿಯಲ್ಲ. ಮನೆಯ ಮಾಡಿಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಅಂಚಿಟ್ಟು ಜೋಡಿಸಿದ ಶಲ್ಕಗಳು, ಒಂದೊಂದೂ ಮಿಲಿಮೀಟರಿನ ಹತ್ತನೆಯ ಒಂದರಷ್ಟು. ಆದರೆ ನನಗೆ ಹೆಚ್ಚು ಉಪಯೋಗವಾದದ್ದು ಬೇರೊಂದು ಕಡೆ. ನಮ್ಮ ಮನೆಯಲ್ಲಿ ಒಂದು ಲೆಕ್ಕದ ಓಲೆಯಿದೆ. ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಮಸಿ ತೊಡೆದ ಅಕ್ಷರಗಳು. ಮಸಿ ಬಹುಭಾಗ ಹೋಗಿದೆ. ಅದರಲ್ಲಿ ನಮ್ಮ ಮುತ್ತಜ್ಜನು ತಂಗಿಯ ಮದುವೆಯಲ್ಲಿ ಕೊಟ್ಟದ್ದು "ಧನ"ವೋ "ದನ"ವೋ ಎಂಬ ವಿಷಯವಾಗಿ ಎರಡು ತಲೆಮಾರು ವಾದವಿತ್ತು. ಭೇದವೆಲ್ಲ ಅಕ್ಷರದ ಕೆಳಗಿನ ಒಂದು ಸೀಳು. ಓಲೆಗೆ ಪಕ್ಕದಿಂದ, ಸಂಜೆಯ ಬಿಸಿಲಿನಂತೆ ಓರೆಯಾಗಿ ಬೆಳಕು ಕೊಟ್ಟು ಈ ಮಸೂರದಿಂದ ನೋಡಿದೆ. ಕಂಠದ ಗೆರೆಗಳಿಗೆಲ್ಲ ನೇಗಿಲ ಸಾಲಿನಂತೆ ಎರಡು ಕಡೆಯೂ ದಂಡೆ ಎದ್ದಿದೆ. ಆ ಸೀಳಿಗೆ ದಂಡೆಯಿಲ್ಲ. ಅದು ಹುಳು ಕೆರೆದ ಗೀರು. ಆದ್ದರಿಂದ ದನವೇ. ವಂಶದ ಪ್ರತಿಷ್ಠೆ ಸ್ವಲ್ಪ ಇಳಿಯಿತೆಂದು ಕೆಲವರಿಗೆ ಬೇಸರ.

ಕಾಗದ ಬರೆದ ತಾಯಿಯವರಿಗೆ ಈಗ ಉತ್ತರ. ಯಂತ್ರವನ್ನು ಹಾಗೆಯೇ ಅಟ್ಟದಲ್ಲಿಡುವುದು ಸರಿಯಲ್ಲ, ಒಡೆಯುವುದೂ ಸರಿಯಲ್ಲ. ಮಗನಿಂದಲೇ ಅದಕ್ಕೆ ಮಾತು ಬರಿಸಿರಿ. ಸರಳುಗಳನ್ನು ಒರಸಿ, ಹಳೆಯ ಕಂಪ್ಯೂಟರನ್ನು ಹುಡುಕಿ, ಮೊದಲು ಹುಳಿನಾತದ ಸುರುಳಿಗಳು, ಆಮೇಲೆ ನಿಮ್ಮ ಮನೆಯವು, ಆಮೇಲೆ ಊರಿನವರವು. ಆ ಟ್ರಂಕುಗಳಲ್ಲಿ ನಿಮ್ಮ ಯಜಮಾನರ ಕೈಕೆಲಸ ಮಾತ್ರವಲ್ಲ, ಇಪ್ಪತ್ತೈದು ವರ್ಷಗಳ ಮದುವೆಗಳೂ ನಾಮಕರಣಗಳೂ ಇವೆ. ಯಾರ ಮನೆಯ ಚಿತ್ರವೋ ಅವರನ್ನು ಕೇಳಿಯೇ ಹೊರಗೆ ತೋರಿಸತಕ್ಕದ್ದು. ಎಷ್ಟೋ ಮನೆಗಳವರು ತಮ್ಮ ಪ್ರತಿಯನ್ನು ಕಳೆದುಕೊಂಡಿರಬಹುದು, ಹೇಳಿಕಳುಹಿಸಿದರೆ ಓಡಿಬಂದಾರು. ಮಗನ ಆಸೆಯನ್ನೂ ಮುರಿಯಬೇಕಾಗಿಲ್ಲ. ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಚಿತ್ರವನ್ನು ಹಿಗ್ಗಿಸಿ ಅಚ್ಚುಹಾಕುವ ಎನ್‌ಲಾರ್ಜರೊಂದು ಇದ್ದಿರಲೇಬೇಕು. ಅದರ ಮಸೂರವೂ ಚಪ್ಪಟೆಯಾದ ಫಿಲ್ಮನ್ನು ಹತ್ತಿರದಿಂದ ನೋಡುವುದಕ್ಕೆಂದೇ ಹುಟ್ಟಿದ್ದು. ಸಾಮಾನ್ಯವಾಗಿ ೫೦ ಮಿಲಿಮೀಟರಿನದು, ೩೯ ಮಿಲಿಮೀಟರಿನ ತಿರುಪಿನಿಂದ ಕೂರುತ್ತದೆ, ಬಾಯಿಯನ್ನು ಕಿರಿದುಮಾಡುವ ಉಂಗುರವೂ ಅದಕ್ಕುಂಟು. ಅದನ್ನು ತಿರುಚಿ ತೆಗೆಯುವುದಕ್ಕೆ ಯಾವ ಯಂತ್ರವನ್ನೂ ಕೊಲ್ಲಬೇಕಾಗಿಲ್ಲ. ಹಿಂದುಮುಂದು ಮಾಡಿ ಕೊಳವೆಯ ತುದಿಗೆ ಜೋಡಿಸಿದರೆ ಹೊಸಬನ ಕೈಗೆ ಅದು ಸ್ಕ್ಯಾನರಿನ ಮಸೂರಕ್ಕಿಂತ ಹೆಚ್ಚು ಒಗ್ಗುತ್ತದೆಯೆಂದೇ ನನ್ನ ಮತ. ನಡುವಿನ ಚಪ್ಪಡಿಗಳ ಮೇಲೆ ಬೂಷ್ಟು ಹಿಡಿದಿಲ್ಲವಷ್ಟೆ ಎಂದು ಬೆಳಕಿಗೆ ಹಿಡಿದು ನೋಡಲಿ. ಸ್ಕ್ಯಾನರು ತನ್ನ ಕೆಲಸವನ್ನು ಮುಗಿಸಿದ ಮೇಲೆ ಅದರ ಮಸೂರವೂ ಅವನದೇ.

ಅಣ್ಣನ ಡಬ್ಬಿ ಏನಾಯಿತೆಂದು ಹೇಳದೆ ಮುಗಿಸಿದರೆ ಲೆಕ್ಕ ಸರಿಹೋಗದು. ಕಿತ್ತ ಮಸೂರವನ್ನೇ ಮತ್ತೆ ಅದರ ಹಳೆಯ ಕೆಲಸಕ್ಕೆ ಹಚ್ಚಿದ್ದೇನೆ. ಬಿಳಿಯ ಗಾಜಿನ ಕೆಳಗೆ ದೀಪವಿಟ್ಟು, ಮೇಲೆ ನೆಗೆಟಿವನ್ನು ಚಪ್ಪಟೆಯಾಗಿ ಹಿಡಿದು, ಕ್ಯಾಮೆರವನ್ನು ಕೆಳಮುಖವಾಗಿ ನಿಲ್ಲಿಸಿ ಚಿತ್ರ ತೆಗೆಯುವುದು. ಇಡೀ ನೆಗೆಟಿವನ್ನು ಒಂದೇ ಸಲಕ್ಕೆ ಹಿಡಿದರೆ ಮೂಲೆಗಳು ಮಸುಕಾಗುತ್ತವೆ. ಅದಕ್ಕಾಗಿ ಒಂದೂವರೆಯಷ್ಟು ಹಿಗ್ಗಿಸಿ, ಒಂದೊಂದನ್ನೂ ಮೂರು ತುಂಡಾಗಿ ತೆಗೆದು ಆಮೇಲೆ ಕೂಡಿಸುತ್ತೇನೆ. ಧೂಳನ್ನು ಕಂಡುಹಿಡಿಯುವ ಅವಕೆಂಪು ಕಿರಣವಿಲ್ಲವಾಗಿ ಪ್ರತಿಯೊಂದು ಚುಕ್ಕೆಯನ್ನೂ ಕೈಯಿಂದಲೇ ಅಳಿಸಬೇಕು. ಯಂತ್ರವಿದ್ದಿದ್ದರೆ ಒಂದು ತಿಂಗಳಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಎರಡನೆಯ ವರ್ಷಕ್ಕೆ ಬಂದಿದೆ. ೨೧೪ ಚಿತ್ರಗಳಲ್ಲಿ ೧೩೧ ಆಗಿವೆ. ಆದ ಚಿತ್ರಗಳಲ್ಲಿ ನಾವೆಲ್ಲರೂ ಇದ್ದೇವೆ. ಕ್ಯಾಮೆರ ಯಾವಾಗಲೂ ಅಣ್ಣನ ಕೈಯಲ್ಲಿದ್ದುದರಿಂದ ಅವನೊಬ್ಬನು ಎಲ್ಲಿಯೂ ಇಲ್ಲ. ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಒಂದು ಚಿತ್ರದಲ್ಲಿ ಮಾತ್ರ, ಮಕ್ಕಳ ಕಾಲಿನವರೆಗೂ ಚಾಚಿದ ಅವನ ನೆರಳಿದೆ, ಎರಡೂ ಮೊಳಕೈಗಳನ್ನು ಎತ್ತಿಕೊಂಡು ನಿಂತ ನೆರಳು. ಅತ್ತಿಗೆಯವರು ಅದನ್ನೇ ದೊಡ್ಡದು ಮಾಡಿಸಿ ಕೊಡೆಂದು ಕೇಳಿದರು; ಮಾಡಿಸಿ ಕಳುಹಿಸಿದ್ದೇನೆ. ಇನ್ನು ೮೩ ಉಳಿದಿವೆ. ಮಳೆಗಾಲದ ತೇವ ಹಿಡಿಯುವುದರೊಳಗಾಗಿ ಮುಗಿಸಬೇಕು.